ತಲೆಯೆತ್ತಿ ಆಡುವ ಆಟ

ಫುಟ್ಬಾಲ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಕಾಲಿನಿಂದ ಚೆಂಡನ್ನು ಒದ್ದು ಗೋಲು ಹೊಡೆಯುವ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ಏಳೇಳು ಮಂದಿಯ ತಂಡ ಕಟ್ಟಿಕೊಂಡು ನೀವೂ ಅದನ್ನು ಆಡಿರಬಹುದು. ಆದರೆ ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆಟವೇ ಬೇರೆ. ಅದರ ಚೆಂಡು ದುಂಡಗಿಲ್ಲ. ಎರಡೂ ತುದಿ ಚೂಪಾಗಿರುವ ನೀಳವಾದ ಚೆಂಡು ಅದು. ಕಾಲಿಗಿಂತ ಕೈಗೇ ಅಲ್ಲಿ ಹೆಚ್ಚು ಕೆಲಸ. ಒಂದೊಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಸಿಕ್ಕವನು ಅದನ್ನು ಎದೆಗೆ ಅವಚಿಕೊಂಡು ಎದುರಾಳಿಯ ಗಡಿಯತ್ತ ಓಡುತ್ತಾನೆ. ಎದುರಾಳಿಗಳು ಅವನನ್ನು ತಡೆದು ನೆಲಕ್ಕೆ ಕೆಡವುತ್ತಾರೆ. ಹೀಗೆ ಕೆಡವುವುದಕ್ಕೆ ಟ್ಯಾಕಲ್ ಎಂದು ಹೆಸರು. ನಮ್ಮ ಕಬಡ್ಡಿಯಲ್ಲೂ ಹಿಡಿಯುವುದು, ಕೆಡವುವುದು ಇದೆ. ಆದರೆ ಕಬಡ್ಡಿಯ ಅಂಗಳ ಚಿಕ್ಕದು, ದೂರದಿಂದ ಓಡಿಬರಲು ಅಲ್ಲಿ ಜಾಗವಿಲ್ಲ. ಅಮೆರಿಕದ ಮೈದಾನವಾದರೋ ನೂರು ಗಜ ಉದ್ದ. ನೂರು ಕಿಲೋ ತೂಗುವ ಇಬ್ಬರು ತರುಣರು ಎದುರುಬದುರಾಗಿ ಓಡಿಬಂದು ಡಿಕ್ಕಿ ಹೊಡೆಯುವುದು ಅಲ್ಲಿ ಪ್ರತಿ ಪಂದ್ಯದಲ್ಲಿ ಹತ್ತಾರು ಸಲ ನಡೆಯುವ ಮಾತು.

ಈ ಆಟವನ್ನು ದುಡ್ಡಿಗಾಗಿ ಆಡುವ ವೃತ್ತಿಪರ ತಂಡಗಳು ಅಲ್ಲಿವೆ. ಆದರೆ ಆಟ ಹುಟ್ಟಿ ಬೆಳೆದದ್ದು ಕಾಲೇಜುಗಳಲ್ಲಿ. ಇಂದಿಗೂ ಶನಿವಾರ ಬಂತೆಂದರೆ ಕಾಲೇಜು ಪಂದ್ಯಗಳನ್ನು ನೋಡಲು ಊರಿಗೆ ಊರೇ ಹೊರಡುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ವಿದ್ಯಾರ್ಥಿಗಳು ಆಡುವ ಆಟಕ್ಕೆ ಲಕ್ಷ ಜನ! ಆಡುವವರ ವಯಸ್ಸು ಹದಿನೆಂಟರಿಂದ ಇಪ್ಪತ್ತೆರಡು, ಇಪ್ಪತ್ತಮೂರು. ಅಂದರೆ ನಿಮಗಿಂತ ಕೆಲವೇ ವರ್ಷ ದೊಡ್ಡವರು. ಅವರಲ್ಲಿ ನೂರಕ್ಕೆ ಇಬ್ಬರೂ ಮುಂದೆ ವೃತ್ತಿಪರ ಆಟಗಾರರಾಗುವುದಿಲ್ಲ. ಉಳಿದವರೆಲ್ಲ ಓದು ಮುಗಿಸಿ ಬೇರೆ ಬೇರೆ ಕೆಲಸಗಳಿಗೆ ಹೋಗಬೇಕಾದವರು. ಮುಂದಿನ ಐವತ್ತು ವರ್ಷ ಅವರಿಗೆ ಬೇಕಾಗುವುದು ತಲೆಯೇ ಹೊರತು ಭುಜಬಲವಲ್ಲ. ನಾನು ಹೇಳಹೊರಟಿರುವ ವಿಷಯವೂ ಆ ತಲೆಯದೇ.

2013ರಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಘ ಒಂದು ಕಠಿಣ ನಿಯಮ ತಂದಿತು. ಎದುರಾಳಿಯನ್ನು ಗುರಿಯಿಟ್ಟು ಶಿರಸ್ತ್ರಾಣದ ನೆತ್ತಿಯಿಂದ ಗುದ್ದಿದರೆ ಅದು ತಪ್ಪು. ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿರುವ ಎದುರಾಳಿಯ ತಲೆಗೋ ಕತ್ತಿಗೋ ಬಲವಾಗಿ ಹೊಡೆದರೆ ಅದೂ ತಪ್ಪು; ಆ ಹೊಡೆತ ಶಿರಸ್ತ್ರಾಣದಿಂದ ಬಿದ್ದರೂ ಒಂದೇ, ಭುಜದಿಂದ, ಮೊಣಕೈಯಿಂದ ಬಿದ್ದರೂ ಒಂದೇ. ಕಾಪಾಡಿಕೊಳ್ಳಲಾಗದವನು ಎಂದರೆ ಯಾರು? ಮೇಲಿನಿಂದ ಬರುವ ಚೆಂಡಿನ ಮೇಲೆ ಕಣ್ಣಿಟ್ಟು ಕೈ ಚಾಚಿ ನೆಗೆದವನು, ಚೆಂಡನ್ನು ಎಸೆಯುತ್ತಿರುವವನು, ಆಗಲೇ ನೆಲಕ್ಕೆ ಬಿದ್ದಿರುವವನು, ಇಂಥವರು. ಈ ಅಪರಾಧಕ್ಕೆ ಅಲ್ಲಿಯ ಭಾಷೆಯಲ್ಲಿ ಟಾರ್ಗೆಟಿಂಗ್ ಎನ್ನುತ್ತಾರೆ. ತಂಡಕ್ಕೆ ಹದಿನೈದು ಗಜದ ದಂಡ ಮೊದಲೇ ಇತ್ತು. ಹೊಸ ನಿಯಮದಲ್ಲಿ ಹೊಡೆದವನನ್ನು ಪಂದ್ಯದಿಂದಲೇ ಹೊರಗೆ ಹಾಕಿದರು. ತಪ್ಪು ಪಂದ್ಯದ ಎರಡನೆಯ ಅರ್ಧದಲ್ಲಿ ನಡೆದಿದ್ದರೆ ಮುಂದಿನ ಪಂದ್ಯದ ಮೊದಲ ಅರ್ಧವೂ ಅವನು ಹೊರಗೆ ಕೂರಬೇಕಾಯಿತು. ಸಂದೇಹ ಬಂದರೆ ಅದನ್ನು ತಪ್ಪೆಂದೇ ಎಣಿಸಬೇಕು ಎಂದು ನಿಯಮಪುಸ್ತಕ ತೀರ್ಪುಗಾರರಿಗೆ ಹೇಳುತ್ತದೆ.

ಅಂದಿನಿಂದ ಹತ್ತು ವರ್ಷಕ್ಕೂ ಮಿಕ್ಕಿ ಅಮೆರಿಕದಲ್ಲಿ ಈ ನಿಯಮದ ಬಗ್ಗೆ ಜಗಳ ನಿಂತಿಲ್ಲ. ಆಟದ ಗಂಡುಗುಣವೇ ಹೋಯಿತು ಎನ್ನುವವರು ಒಂದು ಕಡೆ. ಇಷ್ಟು ಸಾಲದು ಎನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಶಿಕ್ಷೆ ಇರಲೇಬೇಕು. ಹೊಡೆತ ತಿಂದವನಿಗೆ ನ್ಯಾಯ ಸಿಗಲಿ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ತಲೆ ಬಗ್ಗಿಸಿ ನುಗ್ಗುವವನ ಪ್ರಾಣವನ್ನೂ ಅದು ಉಳಿಸುತ್ತದೆ. ಈ ಎರಡನೆಯ ಮಾತು ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ.

ಮೊದಲು ವಿರೋಧಿಸುವವರ ಮಾತನ್ನು ಕೇಳೋಣ. ಅದರಲ್ಲಿ ಸತ್ಯವಿಲ್ಲದೆ ಇಲ್ಲ.

2018ರ ಅಕ್ಟೋಬರ್ 20ರಂದು ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಡೆವಿನ್ ವೈಟ್ ಎಂಬ ಆಟಗಾರ ಮಿಸಿಸಿಪಿ ಸ್ಟೇಟ್ ತಂಡದ ವಿರುದ್ಧ ಆಡುತ್ತಿದ್ದ. ಪಂದ್ಯ ಮುಗಿಯುವ ಹೊತ್ತಿಗೆ, ಚೆಂಡನ್ನು ಎಸೆದು ಮುಗಿಸಿದ್ದ ಎದುರಾಳಿಯನ್ನು ಅವನು ಎರಡೂ ಕೈಗಳಿಂದ ತಳ್ಳಿದ. ವಿಡಿಯೊ ನೋಡಿದ ತೀರ್ಪುಗಾರರು ಅದನ್ನು ಟಾರ್ಗೆಟಿಂಗ್ ಎಂದರು. ಮುಂದಿನ ಪಂದ್ಯ ಅಲಬಾಮದ ಮೇಲೆ. ವರ್ಷವಿಡೀ ಲೂಯಿಸಿಯಾನದವರು ಕಾಯುವ ಪಂದ್ಯ ಅದು. ಅದರ ಮೊದಲ ಅರ್ಧದಲ್ಲಿ ತಂಡದ ಅತ್ಯುತ್ತಮ ರಕ್ಷಕ ಹೊರಗೆ ಕೂತ. ಅಭಿಮಾನಿಗಳು ವೈಟ್‌ನನ್ನು ಬಿಡಿ ಎಂದು ರಸ್ತೆಯ ಬದಿಯಲ್ಲಿ ದೊಡ್ಡ ದೊಡ್ಡ ಫಲಕ ಹಾಕಿಸಿದರು. ಅಲಬಾಮ 29-0ರಿಂದ ಗೆದ್ದಿತು. ಅವನು ಮೊದಲಿನಿಂದ ಆಡಿದ್ದರೂ ಲೂಯಿಸಿಯಾನ ಗೆಲ್ಲುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಒಂದೂ ಅಂಕ ಗಳಿಸದ ತಂಡವನ್ನು ಯಾವ ರಕ್ಷಕ ಗೆಲ್ಲಿಸಿಯಾನು? ಆದರೂ ಅವರ ದೂರಿನಲ್ಲಿ ಹುರುಳಿತ್ತು. ಆ ತಳ್ಳಾಟದಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆ 2025ರ ಜನವರಿ 1ರಂದು ಅಟ್ಲಾಂಟದಲ್ಲಿ ನಡೆಯಿತು. ರಾಷ್ಟ್ರೀಯ ಚಾಂಪಿಯನ್ ಪಟ್ಟದ ಕ್ವಾರ್ಟರ್ ಫೈನಲ್. ಟೆಕ್ಸಸ್ ಮತ್ತು ಆರಿಜೋನ ಸ್ಟೇಟ್ ತಂಡಗಳು 24-24ರಲ್ಲಿ ಸಮಸಮ. ಆಟ ಮುಗಿಯಲು ಹೆಚ್ಚು ಹೊತ್ತಿಲ್ಲ. ಆರಿಜೋನದ ಆಟಗಾರ ಚೆಂಡು ಹಿಡಿದ ಕ್ಷಣದಲ್ಲೇ ಟೆಕ್ಸಸ್‌ನವನು ಬಂದು ಬಡಿದ. ಶಿರಸ್ತ್ರಾಣಕ್ಕೆ ಶಿರಸ್ತ್ರಾಣ ತಾಗಿತು. ತೀರ್ಪುಗಾರರು ವಿಡಿಯೊ ನೋಡಿದರು; ಟಾರ್ಗೆಟಿಂಗ್ ಅಲ್ಲ ಎಂದರು. ಆರಿಜೋನ ಚೆಂಡನ್ನು ಬಿಟ್ಟುಕೊಡಬೇಕಾಯಿತು. ಎರಡು ಹೆಚ್ಚುವರಿ ಅವಧಿಗಳ ನಂತರ ಟೆಕ್ಸಸ್ 39-31ರಿಂದ ಗೆದ್ದಿತು. ಅಂದು ನೋಡಿದವರಲ್ಲಿ ಬಹಳ ಮಂದಿ ಕೇಳಿದ್ದು ಒಂದೇ ಪ್ರಶ್ನೆ: ಇದು ಅಲ್ಲವಾದರೆ ಮತ್ತೆ ಯಾವುದು?

ಒಂದು ಕಡೆ ಕೈಯಿಂದ ತಳ್ಳಿದವನಿಗೆ ಶಿಕ್ಷೆ, ಇನ್ನೊಂದು ಕಡೆ ತಲೆಗೆ ತಲೆ ತಾಗಿದರೂ ಶಿಕ್ಷೆಯಿಲ್ಲ. ಇಂಥದನ್ನು ಕಂಡಾಗ ನಿಯಮದ ಮೇಲೆಯೇ ಜನರಿಗೆ ನಂಬಿಕೆ ಹೋಗುವುದು ಸಹಜ. ವಿರೋಧಿಸುವವರು ಮತ್ತೂ ಒಂದು ಮಾತು ಹೇಳುತ್ತಾರೆ. ಓಡುತ್ತಿರುವವನು ಕೊನೆಯ ಗಳಿಗೆಯಲ್ಲಿ ತಾನೇ ತಲೆ ಬಗ್ಗಿಸುತ್ತಾನೆ. ಎದೆಗೆ ಗುರಿಯಿಟ್ಟು ಬಂದವನ ಭುಜ ಆಗ ಅವನ ತಲೆಗೆ ತಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುವ ಈ ಕೆಲಸವನ್ನು ಕೋಣೆಯಲ್ಲಿ ಕುಳಿತು, ವಿಡಿಯೊವನ್ನು ನಿಧಾನಗೊಳಿಸಿ, ಹತ್ತು ಸಲ ನೋಡಿ, ಬೇಕೆಂದೇ ಮಾಡಿದ ಎನ್ನುವುದು ಯಾವ ನ್ಯಾಯ? ನಿಧಾನಗೊಳಿಸಿ ನೋಡಿದರೆ ಆಕಸ್ಮಿಕವೂ ಸಂಚಿನ ಹಾಗೆ ಕಾಣುತ್ತದೆ ಎಂಬುದು ನಿಜವೇ. ಆದ್ದರಿಂದ ಬೇಕೆಂದು ಹೊಡೆದವನನ್ನು ಮಾತ್ರ ಹೊರಹಾಕಿ, ಕೈತಪ್ಪಿ ಹೊಡೆದವನಿಗೆ ಹದಿನೈದು ಗಜದ ದಂಡ ಸಾಕು, ಎನ್ನುತ್ತಾರೆ ಅವರು.

ಕೇಳಲು ಇದು ನ್ಯಾಯವಾಗಿಯೇ ತೋರುತ್ತದೆ. ನಾನು ಒಪ್ಪುವುದಿಲ್ಲ. ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1905ನೆಯ ಇಸವಿ. ಆ ಒಂದು ಋತುವಿನಲ್ಲಿ ಅಮೆರಿಕದಲ್ಲಿ ಫುಟ್ಬಾಲ್ ಆಡುತ್ತಾ ಕನಿಷ್ಠ 18 ಮಂದಿ ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಹಾಕಿದವು. ಆಗಿನ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಒಂದು ತಂಡದವರೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಗುಂಪಾಗಿ ನುಗ್ಗುವುದು, ಇನ್ನೊಂದು ತಂಡದವರು ಹಾಗೆಯೇ ಎದುರು ನಿಲ್ಲುವುದು, ನಡುವೆ ಸಿಕ್ಕವನು ಜಜ್ಜಿಹೋಗುವುದು. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಈ ಆಟವನ್ನು ಬಹಳ ಮೆಚ್ಚಿದವರು. ಅವರ ಮಗನೇ ಹಾರ್ವರ್ಡ್‌ನಲ್ಲಿ ಆಡುತ್ತಿದ್ದ. ಅವರು ಆ ವರ್ಷ ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳಿ ಎಂದರು. ನವೆಂಬರಿನಲ್ಲಿ ಇನ್ನೊಬ್ಬ ಆಟಗಾರ ಮೈದಾನದ ಪೆಟ್ಟಿನಿಂದ ಸತ್ತ. ಕೊಲಂಬಿಯ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಮರುವರ್ಷ ಕಾಲೇಜುಗಳೆಲ್ಲ ಸೇರಿ ಒಂದು ಸಂಘ ಕಟ್ಟಿದವು. ಅದೇ 1910ರಲ್ಲಿ ಎನ್‌ಸಿಎಎ ಎಂದು ಹೆಸರು ಬದಲಿಸಿಕೊಂಡಿತು. ಅಂದರೆ ಈ ಸಂಘ ಹುಟ್ಟಿದ್ದೇ ಹುಡುಗರು ಸಾಯದಂತೆ ನೋಡಿಕೊಳ್ಳುವುದಕ್ಕೆ. ಇಂದು ಆಟದ ಗಂಡುಗುಣ ಹೋಯಿತು ಎನ್ನುವವರು ಇದನ್ನೊಮ್ಮೆ ನೆನೆಯಬೇಕು.

1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಟ್ಟರು. ಗುಂಪು ಚದುರಿತು, ಆಟ ಮೈದಾನದ ಉದ್ದಗಲಕ್ಕೂ ಹರಡಿತು. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ತಂದಿತು ಎನ್ನಬೇಕೇನೊ. ಚೆಂಡನ್ನೇ ನೋಡುತ್ತಾ ಬಯಲಿನಲ್ಲಿ ಒಂಟಿಯಾಗಿ ನೆಗೆಯುವವನು, ದೂರದಿಂದ ಅವನ ಮೇಲೆ ಓಡಿಬರುವವನು, ಇಬ್ಬರೂ ಹುಟ್ಟಿದ್ದು ಆಗಲೇ.

ಇನ್ನು ಶಿರಸ್ತ್ರಾಣದ ಕಥೆ. ಇದು ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ಮೊದಮೊದಲು ಆಟಗಾರರು ಬರಿತಲೆಯಲ್ಲಿ ಆಡುತ್ತಿದ್ದರು. ಆಮೇಲೆ ಚರ್ಮದ ಟೊಪ್ಪಿಗೆ ಬಂತು. 1939ರಲ್ಲಿ ಕಾಲೇಜು ಆಟಗಾರರಿಗೆ ಶಿರಸ್ತ್ರಾಣ ಕಡ್ಡಾಯವಾಯಿತು. ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು ಬಂತು, ಮುಖದ ಮುಂದೆ ಸರಳು ಬಂತು. ತಲೆಬುರುಡೆ ಒಡೆಯುವುದು ಕಡಿಮೆಯಾಯಿತು. ಆದರೆ ಆಟಗಾರನ ಮನಸ್ಸಿನಲ್ಲಿ ಬೇರೊಂದು ಬದಲಾವಣೆ ಆಯಿತು. ಬರಿತಲೆಯವನು ತಲೆಯನ್ನು ಹಿಂದಕ್ಕಿಟ್ಟುಕೊಂಡು ಭುಜ ಕೊಡುತ್ತಿದ್ದ. ಗಟ್ಟಿ ಚಿಪ್ಪು ತೊಟ್ಟವನು ತಲೆಯನ್ನೇ ಮುಂದೆ ಕೊಟ್ಟ. ಟಗರಿನ ಹಾಗೆ ತಲೆಯಿಂದಲೇ ಗುದ್ದು ಎಂದು ತರಬೇತುದಾರರೇ ಕಲಿಸಿಕೊಟ್ಟರು. ಕಾಪಾಡಲೆಂದು ತಂದದ್ದು ಆಯುಧವಾಯಿತು. 1968ರ ಒಂದೇ ವರ್ಷ ಶಾಲೆ, ಕಾಲೇಜು ಎಲ್ಲ ಸೇರಿ ಈ ಆಟದ ಪೆಟ್ಟಿನಿಂದ ನೇರವಾಗಿ ಸತ್ತವರು 36 ಮಂದಿ. ಅದರ ಜೊತೆಗೆ ಕತ್ತು ಮುರಿದು ಕೈಕಾಲು ಬಿದ್ದುಹೋದವರ ಸಂಖ್ಯೆಯೂ ಏರುತ್ತಾ ಹೋಯಿತು.

ಫಿಲಡೆಲ್ಫಿಯದ ಜೋಸೆಫ್ ಟಾರ್ಗ್ ಎಂಬ ವೈದ್ಯರು ಇಂಥ ಪ್ರಕರಣಗಳನ್ನೆಲ್ಲ ಒಂದೆಡೆ ಕಲೆಹಾಕಿದರು. ಕತ್ತು ಹೇಗೆ ಮುರಿಯುತ್ತದೆ ಎಂದು ಅವರು ಹುಡುಕಿದ ಉತ್ತರವನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದು ಕೈಯನ್ನು ಕತ್ತಿನ ಹಿಂಭಾಗದಲ್ಲಿಡಿ. ತಲೆಯೆತ್ತಿ ನೇರವಾಗಿ ನೋಡುವಾಗ ಅಲ್ಲಿ ಒಳಮುಖವಾದ ಒಂದು ಬಾಗು ಇರುವುದು ಕೈಗೆ ತಿಳಿಯುತ್ತದೆ. ಕತ್ತಿನ ಏಳು ಮೂಳೆಗಳು ಬಿಲ್ಲಿನಂತೆ ಬಾಗಿ ನಿಂತಿರುತ್ತವೆ. ಪೆಟ್ಟು ಬಿದ್ದರೆ ಆ ಬಿಲ್ಲು ಬಾಗಿಕೊಡುತ್ತದೆ; ಸ್ನಾಯುಗಳು ಬಲವನ್ನು ಹಂಚಿಕೊಳ್ಳುತ್ತವೆ. ಈಗ ನಿಧಾನವಾಗಿ ಗಲ್ಲವನ್ನು ಸ್ವಲ್ಪ ಕೆಳಗೆ ತನ್ನಿ. ಬಾಗು ಮಾಯವಾಗಿ ಕತ್ತು ನೆಟ್ಟಗಿನ ಕಂಬದಂತಾಯಿತಲ್ಲವೇ? ಇಂಥ ಸ್ಥಿತಿಯಲ್ಲಿ ನೆತ್ತಿಗೆ ಪೆಟ್ಟು ಬಿದ್ದರೆ ತಲೆ ನಿಂತುಬಿಡುತ್ತದೆ, ಹಿಂದಿನಿಂದ ಇಡೀ ಮೈಯ ಭಾರ ನುಗ್ಗಿಬರುತ್ತದೆ, ನಡುವೆ ಸಿಕ್ಕ ಕತ್ತು ಪುಡಿಯಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಕತ್ತು ಮುರಿಯುವುದು ಹೆಚ್ಚಾಗಿ ಗುದ್ದಿಸಿಕೊಂಡವನದಲ್ಲ, ಗುದ್ದಿದವನದು.

1976ರಲ್ಲಿ ಶಾಲೆ ಮತ್ತು ಕಾಲೇಜು ಆಟಗಳೆರಡರಲ್ಲೂ ತಲೆಯಿಂದ ಮೊದಲು ಗುದ್ದುವುದನ್ನು ನಿಷೇಧಿಸಿದರು. ಆ ವರ್ಷ ಕತ್ತಿನ ಕೆಳಗೆ ಶಾಶ್ವತವಾಗಿ ಸ್ವಾಧೀನ ತಪ್ಪಿದ ಆಟಗಾರರು 34 ಮಂದಿ. 1984ರಲ್ಲಿ 5 ಮಂದಿ. 1990ರಲ್ಲಿ ಆಟದ ಪೆಟ್ಟಿನಿಂದ ನೇರವಾಗಿ ಒಬ್ಬರೂ ಸಾಯಲಿಲ್ಲ. 1931ರಲ್ಲಿ ಲೆಕ್ಕ ಇಡಲು ತೊಡಗಿದ ಮೇಲೆ ಅಂಥ ವರ್ಷ ಬಂದದ್ದು ಅದೇ ಮೊದಲು. ಶಿರಸ್ತ್ರಾಣ ಉತ್ತಮಗೊಂಡದ್ದು, ಚಿಕಿತ್ಸೆ ಸುಧಾರಿಸಿದ್ದು ಇವೂ ಅದಕ್ಕೆ ಕಾರಣ, ನಿಜ. ಆದರೆ ಕತ್ತನ್ನು ಉಳಿಸಿದ್ದು ಮುಖ್ಯವಾಗಿ ಕಾಗದದ ಮೇಲೆ ಬರೆದ ಒಂದು ನಿಯಮ. ಯಾವ ಯಂತ್ರವೂ, ಯಾವ ಔಷಧವೂ ಅಲ್ಲ.

ಆದರೂ ಹಳೆಯ ಅಭ್ಯಾಸ ಸುಲಭವಾಗಿ ಹೋಗಲಿಲ್ಲ. ಹದಿನೈದು ಗಜದ ದಂಡ ತಂಡಕ್ಕೆ. ಹೊಡೆದವನಿಗೆ ಜನರ ಚಪ್ಪಾಳೆ. ಹೀಗಿರುವಾಗ ಯಾರು ಬಿಟ್ಟಾರು?

1989ರ ಅಕ್ಟೋಬರ್ 28. ಮಿಸಿಸಿಪಿ ವಿಶ್ವವಿದ್ಯಾಲಯಕ್ಕೂ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೂ ಪಂದ್ಯ. ವ್ಯಾಂಡರ್‌ಬಿಲ್ಟ್‌ನ ಬ್ರ್ಯಾಡ್ ಗೇನ್ಸ್ ತನ್ನತ್ತ ಬಂದ ಚೆಂಡನ್ನು ಹಿಡಿಯಲು ನೆಗೆದ. ಮಿಸಿಸಿಪಿಯ ಚಕ್ಕಿ ಮಲ್ಲಿನ್ಸ್ ಓಡಿಬಂದು ತಲೆ ಬಗ್ಗಿಸಿ ಅವನ ಬೆನ್ನಿಗೆ ಬಡಿದ. ಚೆಂಡು ಗೇನ್ಸ್‌ನ ಕೈತಪ್ಪಿತು. ಗೇನ್ಸ್ ಎದ್ದು ನಿಂತ. ಮಲ್ಲಿನ್ಸ್ ಏಳಲಿಲ್ಲ. ಅವನ ಕತ್ತಿನ ನಾಲ್ಕು ಮೂಳೆಗಳು ಪುಡಿಯಾಗಿದ್ದವು. ಆಗ ಅವನಿಗೆ ಇಪ್ಪತ್ತು ವರ್ಷ. ಅಲಬಾಮದ ರಸೆಲ್‌ವಿಲ್ ಎಂಬ ಸಣ್ಣ ಊರಿನಿಂದ ಬಂದ ಹುಡುಗ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡಿದ್ದ. ಜನ ಅವನಿಗಾಗಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಅವನು ಗಾಲಿಕುರ್ಚಿಯಲ್ಲಿ ಕುಳಿತೇ ವಿಶ್ವವಿದ್ಯಾಲಯಕ್ಕೆ ಮರಳಿ ಓದು ಮುಂದುವರಿಸಿದ. 1991ರ ಮೇ ತಿಂಗಳಲ್ಲಿ ಒಂದು ದಿನ ತರಗತಿಗೆ ಹೊರಡುವ ಹೊತ್ತಿಗೆ ಕುಸಿದ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೇ 6ರಂದು ತೀರಿಕೊಂಡ.

2010ರ ಅಕ್ಟೋಬರ್ 16ರಂದು ರಟ್ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರಾಂಡ್‌ಗೂ ಹೀಗೆಯೇ ಆಯಿತು. ಸೈನಿಕ ಅಕಾಡೆಮಿಯ ತಂಡದ ಮೇಲೆ ಪಂದ್ಯ. ಚೆಂಡು ಹಿಡಿದು ಓಡಿಬರುತ್ತಿದ್ದವನನ್ನು ತಡೆಯಲು ಅವನು ತಲೆ ತಗ್ಗಿಸಿ ನುಗ್ಗಿದ. ಕತ್ತಿನ ಮೂರನೆಯ, ನಾಲ್ಕನೆಯ ಮೂಳೆಗಳು ಮುರಿದವು. ಕತ್ತಿನ ಕೆಳಗೆ ಸ್ವಾಧೀನ ಹೋಯಿತು. ಅವನೂ ಛಲ ಬಿಡದೆ ಓದಿ ಪದವಿ ಪಡೆದ, ಊರೂರಿಗೆ ಹೋಗಿ ಮಾತನಾಡಿದ. 2013ರಲ್ಲಿ ವಿಶ್ವವಿದ್ಯಾಲಯ ಅವನ 52ನೆಯ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಗೌರವಿಸಿತು.

ಈಗ ಬೇಕೆಂದು ಮಾಡಿದವನಿಗೊಂದು ಶಿಕ್ಷೆ, ಕೈತಪ್ಪಿ ಮಾಡಿದವನಿಗೊಂದು ಶಿಕ್ಷೆ ಎಂಬ ವಾದಕ್ಕೆ ಮರಳೋಣ. ಮಲ್ಲಿನ್ಸ್‌ನ ಮನಸ್ಸಿನಲ್ಲಿ ದ್ವೇಷವಿತ್ತೆ? ಲೆಗ್ರಾಂಡ್‌ನ ಮನಸ್ಸಿನಲ್ಲಿತ್ತೆ? ಇಬ್ಬರೂ ಮನಸ್ಸಿಟ್ಟು ಆಡುತ್ತಿದ್ದ ಹುಡುಗರು. ಮನಸ್ಸು ಒಳ್ಳೆಯದಿತ್ತೆಂದು ಕತ್ತಿನ ಮೂಳೆ ಬಿಟ್ಟುಕೊಡಲಿಲ್ಲ. ಆದ್ದರಿಂದ ಉದ್ದೇಶವನ್ನು ಅಳೆದು ಶಿಕ್ಷೆ ಕೊಡುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬದಲಾಗಬೇಕಾದ್ದು ಉದ್ದೇಶವಲ್ಲ, ಅಭ್ಯಾಸ. ಪಂದ್ಯದಲ್ಲಿ ಯೋಚಿಸಲು ಸಮಯವಿಲ್ಲ ಎಂದು ವಿರೋಧಿಗಳೇ ಹೇಳುತ್ತಾರಲ್ಲ? ಸರಿಯಾದ ಮಾತು. ಸಮಯವಿಲ್ಲದಿರುವಾಗ ಮೈ ಏನು ಮಾಡುತ್ತದೆಂಬುದು ಅದಕ್ಕೆ ಮೊದಲು ಸಾವಿರ ಸಲ ಏನು ಕಲಿಸಿದ್ದಾರೆ ಎಂಬುದನ್ನು ಅವಲಂಬಿಸಿದೆ. ಹದಿನೈದು ಗಜ ಹೋದರೆ ತರಬೇತುದಾರ ಮರೆತುಬಿಡುತ್ತಾನೆ. ತನ್ನ ಅತ್ಯುತ್ತಮ ಆಟಗಾರ ಮುಕ್ಕಾಲು ಪಂದ್ಯ ಹೊರಗೆ ಕೂತರೆ ಮರುದಿನ ಬೆಳಿಗ್ಗೆಯೇ ತಲೆಯೆತ್ತಿ ಭುಜದಿಂದ ಹಿಡಿಯುವುದನ್ನು ಕಲಿಸತೊಡಗುತ್ತಾನೆ. ಹೊರಹಾಕುವ ಶಿಕ್ಷೆ ನಿಜವಾಗಿ ತಲುಪಬೇಕಾದ್ದು ಅವನನ್ನೇ.

ಹಾಗೆಂದು ನಿಯಮ ಪರಿಪೂರ್ಣವಾಗಿದೆ ಎನ್ನಲಾರೆ. 2013ರಲ್ಲಿ ಅದು ಬಂದಾಗ ಒಂದು ಹಾಸ್ಯಾಸ್ಪದ ತೊಡಕಿತ್ತು. ವಿಡಿಯೊ ನೋಡಿ ಆಟಗಾರನದು ತಪ್ಪಿಲ್ಲವೆಂದು ಅವನನ್ನು ಉಳಿಸಿಕೊಂಡರೂ ತಂಡದ ಹದಿನೈದು ಗಜದ ದಂಡ ಹಾಗೆಯೇ ಉಳಿಯುತ್ತಿತ್ತು! ಮರುವರ್ಷ ಅದನ್ನು ತಿದ್ದಿದರು. 2019ರಿಂದ ವಿಡಿಯೊದಲ್ಲಿ ತಪ್ಪು ಖಚಿತವಾಗದಿದ್ದರೆ ಆಟಗಾರನನ್ನು ಬಿಟ್ಟುಬಿಡಬೇಕೆಂದಾಯಿತು. ಹೊರಹಾಕಿದ ಹುಡುಗನನ್ನು ಅಪರಾಧಿಯಂತೆ ಎಲ್ಲರೆದುರು ಒಳಕ್ಕೆ ನಡೆಸಿಕೊಂಡು ಹೋಗುವುದು ಬೇಡ, ತಂಡದ ಜೊತೆಯಲ್ಲೇ ಕೂರಲಿ ಎಂದು 2020ರಲ್ಲಿ ಒಪ್ಪಿದರು. ಇದು ನನಗೆ ಮೆಚ್ಚಿಗೆಯಾದ ತಿದ್ದುಪಡಿ. 2022ರಲ್ಲಿ ಎರಡನೆಯ ಅರ್ಧದಲ್ಲಿ ಹೊರಹೋದವನ ಪರವಾಗಿ ಮೇಲ್ಮನವಿಗೆ ದಾರಿ ಮಾಡಿದರು. ಗಡಿಯಾರ ನೋಡಿ ಶಿಕ್ಷೆ ಕೊಡುವ ಪದ್ಧತಿ ಮಾತ್ರ ನನಗೆ ಎಂದೂ ಸರಿಕಂಡಿಲ್ಲ. ಆಟ ತೊಡಗಿದ ಐದನೆಯ ನಿಮಿಷಕ್ಕೆ ತಪ್ಪಿದವನಿಗೆ ಮುಂದಿನ ಪಂದ್ಯಕ್ಕೆ ಅಡ್ಡಿಯಿರಲಿಲ್ಲ, ಕೊನೆಯ ಐದು ನಿಮಿಷದಲ್ಲಿ ತಪ್ಪಿದವನಿಗೆ ಮುಂದಿನ ಪಂದ್ಯದ ಅರ್ಧ ನಷ್ಟವಾಗುತ್ತಿತ್ತು. ಡೆವಿನ್ ವೈಟ್‌ನ ಅಭಿಮಾನಿಗಳ ಸಿಟ್ಟಿಗೆ ಮುಖ್ಯ ಕಾರಣವೂ ಅದೇ. ಅಂಥ ಲೆಕ್ಕಾಚಾರವನ್ನು ಎಷ್ಟು ಬೇಕಾದರೂ ತಿದ್ದಲಿ. ತೀರ್ಪುಗಾರರು ಇಂದು ಒಂದು, ನಾಳೆ ಒಂದು ಹೇಳದಂತೆ ತರಬೇತಿ ಕೊಡಲಿ. ತೀರ್ಪು ತಪ್ಪಿದಾಗ ತೀರ್ಪನ್ನು ಬೈಯೋಣ. ತೀರ್ಪು ತಪ್ಪಿತೆಂದು ನಿಯಮವನ್ನೇ ಕಿತ್ತುಹಾಕುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದ ಹಾಗೆ.

ನಿಯಮದ ಪರವಾಗಿರುವವರಿಗೂ ಒಂದು ಮಾತು ಹೇಳಬೇಕಾಗಿದೆ. ದೊಡ್ಡ ಹೊಡೆತಕ್ಕೆ ಶಿಕ್ಷೆ ಕೊಟ್ಟ ಕೂಡಲೇ ತಲೆ ಉಳಿಯಿತು ಎಂದು ತಿಳಿಯಬೇಡಿ. ಮಿದುಳು ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುವ ಮೆತ್ತನೆಯ ವಸ್ತು. ಓಡುತ್ತಿದ್ದ ತಲೆ ಥಟ್ಟನೆ ನಿಂತರೆ ಮಿದುಳು ನಿಲ್ಲುವುದಿಲ್ಲ. ಒಳಗೆ ಅಲುಗಾಡುತ್ತದೆ, ತಿರುಚಿಕೊಳ್ಳುತ್ತದೆ. ಹೊರಗೆ ಎಷ್ಟೇ ಒಳ್ಳೆಯ ಶಿರಸ್ತ್ರಾಣ ತೊಟ್ಟರೂ ಇದನ್ನು ಪೂರ್ತಿಯಾಗಿ ತಡೆಯಲಾಗದು. ತಲೆ ತಿರುಗಿ ಬೀಳುವಂಥ ದೊಡ್ಡ ಪೆಟ್ಟು ಕಣ್ಣಿಗೆ ಕಾಣುತ್ತದೆ. ದಿನವೂ ಅಭ್ಯಾಸದಲ್ಲಿ ಬೀಳುವ ನೂರಾರು ಸಣ್ಣ ಪೆಟ್ಟುಗಳು ಯಾರಿಗೂ ಕಾಣುವುದಿಲ್ಲ, ಆಟಗಾರನಿಗೂ ಗೊತ್ತಾಗುವುದಿಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಓವನ್ ಥಾಮಸ್ ಎಂಬ ಆಟಗಾರ 2010ರಲ್ಲಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅವನ ಮಿದುಳನ್ನು ಪರೀಕ್ಷಿಸಿದಾಗ ಸಿಟಿಇ ಎಂಬ ರೋಗದ ಮೊದಲ ಹಂತ ಕಂಡುಬಂತು. ಮಿದುಳು ಸಣ್ಣಸಣ್ಣಗೆ ಸವೆಯುತ್ತಾ ಹೋಗುವ ಈ ರೋಗವನ್ನು ಅಲ್ಲಿಯ ತನಕ ಹೆಚ್ಚಾಗಿ ಹಳೆಯ ವೃತ್ತಿಪರ ಆಟಗಾರರಲ್ಲಿ ಮತ್ತು ಮುಷ್ಟಿಯುದ್ಧದವರಲ್ಲಿ ಕಂಡಿದ್ದರು. ಥಾಮಸ್‌ಗೆ ತಲೆಗೆ ದೊಡ್ಡ ಆಘಾತವಾದದ್ದು ಎಂದೂ ದಾಖಲಾಗಿರಲಿಲ್ಲ. ಅಂಥ ಹುಡುಗನಿಗೆ ಟಾರ್ಗೆಟಿಂಗ್ ನಿಯಮದಿಂದ ಯಾವ ರಕ್ಷಣೆ ಸಿಗುತ್ತಿತ್ತು?

ಇದಕ್ಕೆ ಉತ್ತರವನ್ನು ಡಾರ್ಟ್‌ಮತ್ ಕಾಲೇಜಿನ ತರಬೇತುದಾರ ಬಡಿ ಟೀವನ್ಸ್ ಹುಡುಕಿದರು. 2010ರಲ್ಲಿ ಅವರು ಅಭ್ಯಾಸದಲ್ಲಿ ತಮ್ಮ ಆಟಗಾರರು ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿಬಿಟ್ಟರು. ಮೆತ್ತೆಗಳನ್ನು ಕೆಡವಿ ಕಲಿಯಿರಿ, ಗೆಳೆಯನನ್ನು ಬೇಡ ಎಂದರು. ನೆರೆಹೊರೆಯ ತಂಡದವರು ನಕ್ಕಿರಬೇಕು. ಅಲ್ಲಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೈದಾನದಲ್ಲಿ ಓಡಾಡುವ, ಕೆಡವಿದರೆ ತಾನಾಗಿಯೇ ಎದ್ದು ನಿಲ್ಲುವ ಒಂದು ಯಂತ್ರದ ಬೊಂಬೆಯನ್ನು ತಯಾರಿಸಿಕೊಟ್ಟರು. 2015ರಲ್ಲಿ ಡಾರ್ಟ್‌ಮತ್ ತನ್ನ ವಲಯದ ಪ್ರಶಸ್ತಿಯನ್ನು ಇನ್ನೆರಡು ತಂಡಗಳ ಜೊತೆ ಹಂಚಿಕೊಂಡಿತು. ಮರುವರ್ಷ ಐವಿ ಲೀಗ್ ಎಂಬ ಆ ವಲಯದ ಎಂಟೂ ತಂಡಗಳು ಋತುವಿನ ಅಭ್ಯಾಸದಲ್ಲಿ ಮೈಮೇಲೆ ಬಿದ್ದು ಕೆಡವುವುದನ್ನು ಕೈಬಿಟ್ಟವು.

ಅದೇ 2016ರಲ್ಲಿ ಆ ವಲಯದವರು ಇನ್ನೊಂದು ಸಣ್ಣ ಬದಲಾವಣೆ ಮಾಡಿದರು. ಆಟ ತೊಡಗುವಾಗ ಒಂದು ತಂಡ ಚೆಂಡನ್ನು ದೂರಕ್ಕೆ ಒದೆಯುತ್ತದೆ, ಇನ್ನೊಂದು ತಂಡ ಅದನ್ನು ಹಿಡಿದು ಓಡಿಬರುತ್ತದೆ. ಇದಕ್ಕೆ ಕಿಕಾಫ್ ಎನ್ನುತ್ತಾರೆ. ಎರಡೂ ತಂಡಗಳು ದೂರದಿಂದ ಪೂರ್ಣ ವೇಗದಲ್ಲಿ ಎದುರುಬದುರಾಗುವುದು ಇಲ್ಲಿಯೇ; ಲೆಗ್ರಾಂಡ್ ಬಿದ್ದದ್ದೂ ಇಂಥ ಹೊತ್ತಿನಲ್ಲಿ. ಈ ಒದೆತಗಳು ಆಟದ ಒಟ್ಟು ನಡೆಗಳಲ್ಲಿ ನೂರಕ್ಕೆ ಆರರಷ್ಟಿದ್ದರೂ ಮಿದುಳಿನ ಆಘಾತಗಳಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಇವುಗಳಿಂದಲೇ ಆಗುತ್ತಿತ್ತು. ಒದೆಯುವ ಜಾಗವನ್ನು ಐದು ಗಜ ಮುಂದಕ್ಕೆ ತಂದರು. ಚೆಂಡು ಗಡಿ ದಾಟಿ ಬೀಳುವುದು ಹೆಚ್ಚಾಯಿತು, ಓಡಿಬರುವುದು ಕಡಿಮೆಯಾಯಿತು. ಸಾವಿರ ಒದೆತಗಳಿಗೆ ಹನ್ನೊಂದರಷ್ಟಿದ್ದ ಮಿದುಳಿನ ಆಘಾತ ಎರಡಕ್ಕೆ ಇಳಿಯಿತು. ಐದು ಗಜ! ಯಾರನ್ನೂ ಹೊರಗೆ ಹಾಕಬೇಕಾಗಲಿಲ್ಲ, ಯಾವ ವಿಡಿಯೊವನ್ನೂ ನೋಡಬೇಕಾಗಲಿಲ್ಲ, ಯಾರೂ ರಸ್ತೆಯ ಬದಿಯಲ್ಲಿ ಫಲಕ ಹಾಕಿಸಲಿಲ್ಲ.

ಶನಿವಾರದ ಶಿಕ್ಷೆಯ ಬಗ್ಗೆ ಅಮೆರಿಕದವರು ಖರ್ಚು ಮಾಡುವ ಮಾತಿನಲ್ಲಿ ಅರ್ಧವನ್ನಾದರೂ ಸೋಮವಾರದಿಂದ ಶುಕ್ರವಾರದವರೆಗಿನ ಅಭ್ಯಾಸದ ಬಗ್ಗೆ ಖರ್ಚು ಮಾಡಬೇಕೆಂದು ನಾನು ಬಯಸುತ್ತೇನೆ. ಶಿಕ್ಷೆ ಬೇಡವೆಂದಲ್ಲ. ಮಲ್ಲಿನ್ಸ್ ಆಡುತ್ತಿದ್ದ ಕಾಲದಲ್ಲಿ ಇಂಥ ಶಿಕ್ಷೆ ಇದ್ದಿದ್ದರೆ ಅವನಿಗೆ ತಲೆಯೆತ್ತಿ ಹಿಡಿಯುವುದನ್ನು ಯಾರಾದರೂ ಗದರಿಸಿಯಾದರೂ ಕಲಿಸಿರುತ್ತಿದ್ದರೇನೊ.

ಬ್ರ್ಯಾಡ್ ಗೇನ್ಸ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಮಾಡಿದ್ದೇನು? ತಮ್ಮತ್ತ ಬಂದ ಚೆಂಡನ್ನು ಹಿಡಿಯಲು ನೆಗೆದದ್ದು. ಯಾವ ನಿಯಮಪುಸ್ತಕದಲ್ಲೂ ಅದು ತಪ್ಪಲ್ಲ. ಆದರೂ ಅವರು ಮಲ್ಲಿನ್ಸ್ ಮಲಗಿದ್ದ ಆಸ್ಪತ್ರೆಗೆ ಹೋದರು. ಅಲ್ಲಿಯವರೆಗೆ ಪರಿಚಯವೇ ಇರದ ಇಬ್ಬರು ಗೆಳೆಯರಾದರು. ಮಲ್ಲಿನ್ಸ್ 1991ರಲ್ಲಿ ತೀರಿಕೊಂಡ ಮೇಲೆ ರಸೆಲ್‌ವಿಲ್‌ನಲ್ಲಿ ಅವನನ್ನು ಮಣ್ಣುಮಾಡಿದರು. ಆಮೇಲೆ ದಶಕಗಳ ಕಾಲ ಗೇನ್ಸ್ ವರ್ಷದಲ್ಲಿ ಕೆಲವು ಸಲ ಆ ಸಮಾಧಿಗೆ ಹೋಗುತ್ತಾ ಬಂದರು. ಅವನು ಸತ್ತ ಮೇ 6ರಂದು ಹೋಗುತ್ತಿದ್ದರು. ಇಬ್ಬರೂ ಮೈದಾನದಲ್ಲಿ ಎದುರಾದ ಅಕ್ಟೋಬರ್ 28ರಂದೂ ಹೋಗುತ್ತಿದ್ದರು.